ಮಗ್ಗದ ಗುಂಡಿಯ ಮಾಕ್‌ಟೇಲ್

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಏರ್ಕಾಡು ಬೆಟ್ಟ ಇದ್ದ ಜಾಗದಲ್ಲೇ ಇದೆಯೆಂದು ಸೇಲಂನಲ್ಲಿ ಯಾರೂ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ. ನಮ್ಮ ಮಗ್ಗದ ಬೀದಿಯಲ್ಲಿ ಎದುರು ಮನೆಯ ಜಗಲಿಯೂ ಕಾಣುತ್ತಿರಲಿಲ್ಲ. ತುದಿಯಲ್ಲಿರುವ ಚೌಡಮ್ಮನ ಗುಡಿಯ ದೀಪವೊಂದು ಮಾತ್ರ ಹಾಲಿಗೆ ಬಿದ್ದ ಕುಂಕುಮದ ಹಾಗೆ ಮಸುಕಾಗಿ ಹರಡಿಕೊಂಡಿತ್ತು. ಸಂಕ್ರಾಂತಿಯ ಮಾರನೆಯ ದಿನ. ಸೇಲಂಗೆ ಹಲ್ಲು ಕಟಕಟಿಸುವ ಚಳಿ ವರ್ಷಕ್ಕೆ ಹತ್ತು ದಿನ ಬಂದರೆ ಹೆಚ್ಚು. ಆ ಹತ್ತರಲ್ಲಿ ಒಂದನ್ನು ಹುಡುಕಿ ಆರಿಸಿದವನ ಹಾಗೆ, ಸುಬ್ಬರಾಯನ್ ಅಂದು ಬೀದಿಗೆಲ್ಲ ತಣ್ಣನೆಯ ಹಣ್ಣಿನ ಮಾಕ್‌ಟೇಲ್ ಕುಡಿಸಲು ಎದ್ದಿದ್ದ.

ಸುಬ್ಬರಾಯನ್ ಮಗ್ಗದವನು. ಬೀದಿಯ ಎಲ್ಲರಂತೆ ಅವನದೂ ಗುಂಡಿ ಮಗ್ಗ. ಕಾಲು ಇಳಿಬಿಟ್ಟು ಕೂತರೆ ಸೊಂಟದವರೆಗೆ ಭೂಮಿಯೊಳಗೆ, ಉಳಿದದ್ದು ಸಂಸಾರದೊಳಗೆ. ಆದರೆ ವರ್ಷದಲ್ಲಿ ಒಂದು ದಿನ ಅವನು ಎಲ್ಲರಂತಲ್ಲ. ಸಂಕ್ರಾಂತಿಯ ಮಾರನೆಯ ದಿನ ನಮ್ಮ ಗಂಡಸರು ಬರಿ ಮೈಯಲ್ಲಿ ಎದೆಗೆ ಕತ್ತಿ ಹೊಡೆದುಕೊಳ್ಳುತ್ತ, “ತಕೋ ತಾಯಿ, ತಕೋ” ಎಂದು ಕೂಗುತ್ತ, ಬಾವಿಯ ಕಟ್ಟೆಯಿಂದ ಅಮ್ಮನನ್ನು ಗುಡಿಗೆ ಕರೆತರುತ್ತಾರೆ. ಹಿಂದಿನ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಗುಡಿಯ ಬಾಗಿಲಲ್ಲಿ ಅವರ ಗಂಟಲಿಗೆ ಮೊದಲು ಇಳಿಯುವುದು ಸುಬ್ಬರಾಯನ ಮನೆಯ ಪಾನಕ. ನಾಲ್ಕು ತಲೆಮಾರಿನ ಹಕ್ಕು. ಅದಕ್ಕೊಂದು ಹಿತ್ತಾಳೆ ಕೊಪ್ಪರಿಗೆ, ಮೊಣಕೈ ಉದ್ದದ ಹಿಡಿಯ ಒಂದು ಹಿತ್ತಾಳೆ ಸೌಟು. ಅದರ ಹೆಸರು ಅಮ್ಮನ ಸೌಟು. ಕಟ್ಟಳೆ ಒಂದೇ: ಕೊಡುವ ಮನೆಯವರು ಪಾನಕದ ರುಚಿ ನೋಡುವಂತಿಲ್ಲ. ಕೊಟ್ಟವನಿಗೆ ಕೊಟ್ಟದ್ದರ ರುಚಿ ತಿಳಿದರೆ ಅಹಂಕಾರ ಬರುತ್ತದೆ ಎಂದು ಹಿರಿಯರು ಯೋಚಿಸಿದ್ದರು. ರುಚಿ ತಿಳಿಯದೆಯೂ ಬರಬಹುದೆಂದು ಅವರು ಯೋಚಿಸಿರಲಿಲ್ಲ.

ಪಾನಕ ಮಾಡುತ್ತಿದ್ದವಳು ಅವನ ಹೆಂಡತಿ ಚೆಲ್ಲಮ್ಮ. ನಂಗವಳ್ಳಿಯಿಂದ ಮದುವೆಯಾಗಿ ಬಂದ ಮೇಲೆ ಇಪ್ಪತ್ತೇಳು ಸಂಕ್ರಾಂತಿ ಸುಂಟಿ ಕುಟ್ಟಿದ್ದಳು. ಅತ್ತೆ ಕಣ್ಣು ಮುಚ್ಚುವ ಮುಂಚೆ ಸೌಟನ್ನು ಮಗನ ಕೈಗೆ ಕೊಡಲಿಲ್ಲ. ಸೊಸೆಯ ಕೈಗೆ ಕೊಟ್ಟು, “ಇದು ನಿಂದು, ಜ್ವಾಪಾನ” ಅಂದಿದ್ದಳು. ಆ ಮನೆಯಲ್ಲಿ ಚೆಲ್ಲಮ್ಮನಿಗೆ ಯಾರಾದರೂ “ಇದು ನಿಂದು” ಎಂದು ಕೊಟ್ಟ ವಸ್ತು ಅದೊಂದೇ. ಹಕ್ಕು ಮಾತ್ರ ಗಂಡಸಿನ ಹೆಸರಿನಲ್ಲಿತ್ತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಬದುಕಿಗೆ ಮಾಕ್‌ಟೇಲ್ ಬಂದದ್ದು ಬೀದಿಯ ಎಜಮಾನ ರಾಜಗೋಪಾಲನ ಮಗಳ ಮದುವೆಯಲ್ಲಿ. ಕಲ್ಯಾಣ ಮಂಟಪದ ಬಾಗಿಲಲ್ಲೇ ಉದ್ದ ಗಾಜಿನ ಲೋಟ, ಒಳಗೆ ಮೂರು ಬಣ್ಣ, ಮೇಲೊಂದು ಕಾಗದದ ಕೊಡೆ. ಸುಬ್ಬರಾಯನ್ ಒಂದು ಕುಡಿದು, ಕೊಡೆಯನ್ನು ಜೇಬಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಚಾಚಿದ. ರಾಜಗೋಪಾಲ್ ನಾಲ್ಕು ಜನರ ಎದುರಿಗೆ ನಕ್ಕು ಹೇಳಿದ: “ಏನ್ಲಾ ಸುಬ್ಬರಾಯ, ಇದು ಮಾಕ್‌ಟೇಲ್ ಕಣ್ಲಾ. ಒಬ್ಬೊಬ್ಬರ್ಗೆ ಒಂದೇ. ನಿಮ್ಮನೆ ಪಾನ್ಕ ಅನ್ಕಂಡ್ಯಾ, ಕೆಮ್ಮು ಬಂದವ್ರು ಎರಡೆರಡ್ ಲೋಟ ಕುಡಿಯಾಕೆ?”

ನಾಲ್ಕೂ ಜನ ನಕ್ಕರು. ನಾಲ್ಕು ತಲೆಮಾರಿಗೆ ಲೆಕ್ಕ ಸರಿಹೋಯಿತು.

ಮನೆಗೆ ಬಂದವನು ಕೊಡೆಯನ್ನು ದೇವರ ಪಟದ ಮುಂದೆ ಬಿಚ್ಚಿಟ್ಟು, “ಈ ಸಲ ಅಮ್ಮಂಗೆ ಮಾಕ್‌ಟೇಲು” ಎಂದು ಸಾರಿದ.

“ಅಮ್ಮಂಗೆ ಬೆಲ್ಲ, ಸುಂಟಿ ಸಾಕು,” ಎಂದಳು ಚೆಲ್ಲಮ್ಮ. “ಅವ್ಳೇನ್ ಕಲ್ಯಾಣ ಮಂಟಪಕ್ ಬಂದವ್ಳಾ?”

“ನಾಕ್ ತಲೆಮಾರಿಂದ ಅದ್ನೇ ಕುಡ್ದು ಅವ್ಳಿಗೂ ಬೇಜಾರಾಗೈತೆ.”

“ನಿಂಗೇಳಿದ್ಲಾ?”

“ಬೇಜಾರಿಲ್ಲ ಅಂತ ನಿಂಗೇಳಿದ್ಲಾ?”

ಮಗಳು ಮೇನಕಾ ಕಾಲೇಜು ಮುಗಿಸಿ ಜಂಕ್ಷನ್ ಹತ್ತಿರದ ಆಫೀಸೊಂದರಲ್ಲಿ ಕೆಲಸಕ್ಕಿದ್ದವಳು, ಅಪ್ಪನ ಕಾಟ ತಾಳದೆ ಮೊಬೈಲಿನಲ್ಲಿ ಒಂದು ತಮಿಳು ವಿಡಿಯೊ ಹಾಕಿಕೊಟ್ಟಳು. ಸುಬ್ಬರಾಯನ್ ಅದನ್ನು ಹನ್ನೊಂದು ಸಲ ನೋಡಿದ. ಹನ್ನೆರಡನೆಯ ಸಲಕ್ಕೆ ವಿಡಿಯೊದ ಹೆಂಗಸಿಗೆ ತಿಳಿಯದ ಸಂಗತಿಗಳೂ ಅವನಿಗೆ ತಿಳಿದುಬಿಟ್ಟವು.

“ಇದ್ ಸೀರೆನೇ ಕಣಮ್ಮಾ,” ಎಂದ. “ಕೆಳಗೆ ಅನಾನಸ್ಸು, ಮೈ. ನಡುವೆ ಮಾವು, ಸೆರಗು. ಮೇಲೆ ದಾಳಿಂಬೆ, ಕೆಂಪಂಚು. ಆ ಎಂಗ್ಸು ಲೋಟಕ್ ಲೋಟ ಮಾಡ್ತಾಳೆ. ನಾವು ಮಗ್ಗಕ್ ಆಕ್ದಂಗೆ ನೂರೈವತ್ ಜನಕ್ಕೆ ಒಂದೇ ಆಸು ಆಕ್ಬೇಕು.”

ಮಾವಿನ ಕಾಲವಲ್ಲ. ಕಾರಿಮಂಗಲಂನಲ್ಲಿದ್ದ ನೆಂಟನ ಕೈಯಲ್ಲಿ ಮಾವಿನ ತಿರುಳಿನ ಎರಡು ದೊಡ್ಡ ಡಬ್ಬ ತರಿಸಿದ. ಅನಾನಸ್ಸು, ದಾಳಿಂಬೆ ಮಾರ್ಕೆಟ್ಟಿನಿಂದ ಬಂದವು. ಮೂರು ಬಣ್ಣ ಒಂದಕ್ಕೊಂದು ಬೆರೆಯದ ಹಾಗೆ ನಿಲ್ಲಿಸುವುದು ಹೇಗೆ ಎಂಬಲ್ಲಿ ಮಾತ್ರ ಒಂದು ದಿನ ಊಟ ಬಿಟ್ಟು ಯೋಚಿಸಿದ. ಉತ್ತರ ಅವನ ಕಸುಬಿನಲ್ಲೇ ಸಿಕ್ಕಿತು. ನೂಲು ನೆಟ್ಟಗೆ ನಿಲ್ಲಬೇಕಾದರೆ ಅದಕ್ಕೆ ಗಂಜಿ ಕೊಡುತ್ತೇವೆ. ಹಣ್ಣಿನ ರಸವೂ ನೆಟ್ಟಗೆ ನಿಲ್ಲಬೇಕಾದರೆ ಗಂಜಿ ಕೊಡಬೇಕು. ಜವ್ವರಿಸಿ, ಅಂದರೆ ಸಬ್ಬಕ್ಕಿ, ಬೇಯಿಸಿ ಗಂಜಿ ಮಾಡಿ ಪ್ರತಿ ಬಣ್ಣಕ್ಕೂ ಬೆರೆಸಿದ. ಸಿಹಿ ಕಮ್ಮಿಯೆನಿಸಿ ಬೆಲ್ಲ ಹಾಕಿದ. ಅಷ್ಟು ಹಿಡಿಯುವ ಪಾತ್ರೆ ಮನೆಯಲ್ಲಿ ಎರಡೇ. ಒಂದು ಕೊಪ್ಪರಿಗೆ, ಅದನ್ನು ಹಬ್ಬದ ಬೆಳಿಗ್ಗೆಯಲ್ಲದೆ ಮುಟ್ಟುವಂತಿಲ್ಲ. ಇನ್ನೊಂದು, ನೂಲಿನ ಗಂಜಿ ಹುಳಿ ಬರಿಸುವ ಮಣ್ಣಿನ ಹಂಡೆ. ಅವನ ಅಜ್ಜನ ಕಾಲದ್ದು. ಮೂರು ಸಲ ತೊಳೆದ. ಅರವತ್ತು ವರ್ಷ ಹುಳಿ ಕುಡಿದ ಮಣ್ಣು ಮೂರು ಸಲ ತೊಳೆದರೆ ಮರೆಯುತ್ತದೆಂದು ನಂಬಿದ.

“ಫ್ರಿಜ್ಜಿಗೆ ಇಡಿಯಲ್ಲಪ್ಪಾ ಇದು,” ಎಂದಳು ಮೇನಕಾ. “ಅದೂ ಅಲ್ದೆ ಅಬ್ಬಕ್ಕೆ ಇನ್ನೂ ಎರಡ್ ದಿನ ಐತೆ. ಕೆಟ್ಟೋತದೆ.”

“ನಮ್ ಮಗ್ಗದ್ ಗುಂಡಿಗಿಂತ ತಣ್ಣಗಿರೋ ಫ್ರಿಜ್ಜು ಸೇಲಂನಾಗೇ ಇಲ್ಲ. ಅಲ್ಲಿ ನೂಲೇ ಕೆಡಲ್ಲ, ಅಣ್ಣು ಕೆಡ್ತದಾ?”

ಹಂಡೆ ಗುಂಡಿಗಿಳಿಯಿತು. ಮೊದಲನೆಯ ದಿನ ಅದು ಸುಮ್ಮನಿತ್ತು. ಎರಡನೆಯ ದಿನ ಸಂಜೆ ಬಟ್ಟೆಯ ಕೆಳಗಿನಿಂದ ಗುಳುಗುಳು ಸದ್ದು ಬರತೊಡಗಿತು.

“ಏನದು ಸದ್ದು?” ಎಂದಳು ಚೆಲ್ಲಮ್ಮ.

“ಬಣ್ಣ ಕೂರ್ತಾ ಐತೆ,” ಎಂದ ಸುಬ್ಬರಾಯನ್.

ಹಬ್ಬದ ಬೆಳಿಗ್ಗೆ ಅವನು ಮಿಂದು ಗುಡಿಗೆ ಹೋದ ಮೇಲೆ, ರಸವನ್ನು ಕೊಪ್ಪರಿಗೆಗೆ ಬಗ್ಗಿಸಲೆಂದು ಚೆಲ್ಲಮ್ಮ ಗುಂಡಿಗಿಳಿದಳು. ಬಟ್ಟೆಯ ಒಂದು ತುದಿ ಎತ್ತಿದ್ದೇ ತಡ, ಹುಳಿ ವಾಸನೆಗೆ ಕಣ್ಣಲ್ಲಿ ನೀರು ಬಂತು. ಬಟ್ಟೆಯನ್ನು ಹಾಗೇ ಮುಚ್ಚಿದಳು. ಯಾರನ್ನೂ ಕೂಗಲಿಲ್ಲ. ಮೇಲೆ ಬಂದು, ಮಡಿ ಸೀರೆಯ ಸೆರಗು ಬಿಗಿದು, ಬೆಲ್ಲ ಒಡೆದಳು. ಸುಂಟಿ, ಏಲಕ್ಕಿ ಕುಟ್ಟಿದಳು. ನಿಂಬೆಹಣ್ಣು ಹಿಂಡಿದಳು. ಇಪ್ಪತ್ತೆಂಟನೆಯ ಸಲ. ಗಂಡನ ಮನಸ್ಸು ನೋಯಬಾರದೆಂದು ಉಳಿದಿದ್ದ ಅರ್ಧ ಡಬ್ಬ ಮಾವಿನ ತಿರುಳನ್ನೂ ಕದಡಿ, ಮೇಲೆ ಒಂದು ಹಿಡಿ ದಾಳಿಂಬೆ ಕಾಳು ಹಾಕಿ ಬಟ್ಟೆ ಕಟ್ಟಿದಳು. ಹಬ್ಬ ಮುಗಿದ ಮೇಲೆ ನಿಧಾನವಾಗಿ ಹೇಳಿದರಾಯಿತು ಅಂದುಕೊಂಡಳು.

ಸುಬ್ಬರಾಯನ್ ಬಂದು, ಬಟ್ಟೆ ಬಿಚ್ಚಿ ಆ ಮಂಜಿನಲ್ಲಿ ಬಗ್ಗಿ ನೋಡಿದ. “ಅಂಚು ಮೈಯೊಳಕ್ ಓಗ್ಬುಟ್ಟೈತೆ,” ಎಂದು ಸ್ವಲ್ಪ ನೊಂದುಕೊಂಡ. “ಬಗ್ಸುವಾಗ ಕೈ ಅಲ್ಲಾಡಿಸ್ದೆ ತಾನೇ?”

“ಅಲ್ಲಾಡ್ತು,” ಎಂದಳು ಚೆಲ್ಲಮ್ಮ.

ಗುಡಿಯ ಬಾಗಿಲಲ್ಲಿ ಸುಬ್ಬರಾಯನ್ ಸೌಟು ಎತ್ತಿ, “ಇವತ್ತು ಪಾನ್ಕ ಅಲ್ಲ, ಮಾಕ್‌ಟೇಲು” ಎಂದು ಘೋಷಿಸಿದ. ಆ ಮಾತಿಗೆ ಇರುವ ಶಕ್ತಿಯನ್ನು ನಾನು ಅಂದು ಕಣ್ಣಾರೆ ಕಂಡೆ. ಹಿರಿಯ ಮುನುಸ್ವಾಮಿ ಅರವತ್ತು ವರ್ಷದಿಂದ ಅದೇ ಪಾನಕ ಕುಡಿದವನು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಇದ್ರಲ್ಲಿ ಏನೋ ಫಾರಿನ್ ಸುಂಟಿ ಐತೆ” ಎಂದ. “ಸಿಂಗಪೂರ್ ಟೇಸ್ಟು,” ಎಂದ ಇನ್ನೊಬ್ಬ. ಅವನು ಸಿಂಗಪುರವಿರಲಿ, ಈರೋಡು ದಾಟಿದವನಲ್ಲ. ರಾಜಗೋಪಾಲ್ ಕೂಡ ಲೋಟ ಚಾಚಿದ. ಸುಬ್ಬರಾಯನ್ ಅವನಿಗೆ ತುಂಬಿಸಿ, “ಒಬ್ಬೊಬ್ಬರ್ಗೆ ಎಷ್ಟ್ ಬೇಕಾದ್ರೂ ಐತೆ ಎಜಮಾನ್ರೇ” ಎಂದ. ಆ ಒಂದು ಕ್ಷಣಕ್ಕಾಗಿಯೇ ಅವನು ಹುಟ್ಟಿದ್ದನೆಂದು ಕಾಣುತ್ತದೆ. ನಾನೂ ಎರಡು ಲೋಟ ಕುಡಿದೆ. ಪಾನಕ. ನನಗೂ ಗೊತ್ತಾಯಿತು, ಆದರೆ ಎಲ್ಲರೂ ಸಿಂಗಪುರದಲ್ಲಿರುವಾಗ ಒಬ್ಬನೇ ಸೇಲಂನಲ್ಲಿ ಉಳಿಯುವುದು ಕಷ್ಟ.

ಮೂರನೆಯ ಸುತ್ತಿನಲ್ಲಿ ರಾಜಗೋಪಾಲನ ಮಗ ಶರವಣಕುಮಾರ್ ಬಂದ. ಕತ್ತಿ ಹಿಡಿದ ಹುಡುಗರಲ್ಲಿ ಮುಂದಿನವನು. ಅರ್ಧ ಲೋಟ ಕುಡಿದು, “ತಕೋ ತಾಯಿ” ಎಂದು ಒಂದು ಸಲ ತಿರುಗಿ, ಎರಡನೆಯ ಸಲ ತಿರುಗಲು ಹೋಗಿ, ತಮಟೆಯವನ ಮೇಲೆ ಉದ್ದಕ್ಕೆ ಬಿದ್ದ. ಬಿದ್ದಲ್ಲೇ ಒಂದು ಸಿನಿಮಾ ಹಾಡಿನ ಎರಡು ಸಾಲು ಹಾಡಿದ. ಬಾಯಿಯಿಂದ ಬಂದ ವಾಸನೆ ನಾಲ್ಕು ಮಾರು ಹಬ್ಬಿತು.

ಎಲ್ಲರೂ ಅವನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಲೋಟ ನೋಡಿದರು.

“ನಂಗೂ ತಲೆ ಗಿರ್ರ್ ಅಂತೈತೆ,” ಎಂದ ಮುನುಸ್ವಾಮಿ, ಜಗಲಿಯ ಮೇಲೆ ಕೂತು.

“ಕುಡೀತಾ ಇದ್ದಂಗೇ ನಂಗೆ ಡೌಟಿತ್ತು,” ಎಂದ ಸಿಂಗಪುರದವನು.

ಬಿದ್ದವನು ಒಬ್ಬ. ಹತ್ತು ಗಂಟೆಗೆ ನಾಲ್ಕು ಜನ ಮಲಗಿದ್ದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಒಂಬತ್ತೆಂದು ಹೇಳುತ್ತಿದ್ದರು. ಮೆಟ್ಟೂರಿನಿಂದ ಒಬ್ಬರು ಫೋನು ಮಾಡಿ ಇಪ್ಪತ್ಮೂರು ಜನರನ್ನು ಆಂಬುಲೆನ್ಸಿನಲ್ಲಿ ಸಾಗಿಸಿದ್ದು ನಿಜವೇ ಎಂದು ಕೇಳಿದರು. ಅವರಿಗೆ ಆಂಬುಲೆನ್ಸಿನ ಬಣ್ಣವೂ ಗೊತ್ತಿತ್ತು.

ಬಂದೋಬಸ್ತಿಗೆ ಬಂದಿದ್ದ ಕಾನ್‌ಸ್ಟೇಬಲ್ ಸೆಲ್ವಂ ತನಿಖೆಗೆಂದು ಸುಬ್ಬರಾಯನ ಮನೆಗೆ ಬಂದ. ಸುಬ್ಬರಾಯನ್ ನಿರಪರಾಧಿಯ ಹುಮ್ಮಸ್ಸಿನಿಂದ ನೇರವಾಗಿ ಗುಂಡಿಯ ಬಳಿಗೆ ಕರೆದುಕೊಂಡು ಹೋಗಿ, “ಇಂಗೇ ದಾನ್ ಸಾರ್ ಸೆಂಜೇನ್,” ಇಲ್ಲೇ ಮಾಡಿದ್ದು, ಎಂದು ತೋರಿಸಿದ. ಸೆಲ್ವಂ ಬಟ್ಟೆಯ ತುದಿ ಎತ್ತಿದ. ಎರಡು ಹೆಜ್ಜೆ ಹಿಂದೆ ಸರಿದ. ಟೋಪಿ ತೆಗೆದ.

“ಇದೈಯಾ ಕುಡ್ಚಾಂಗ?” ಎಂದ. ಇದನ್ನೇ ಕುಡಿದರಾ ಎಂಬ ಆ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಮೆಚ್ಚುಗೆ ಹೆಚ್ಚಿತ್ತು.

ಕೇಸು ಬರೆಯಬೇಕಾದರೆ ಹಂಡೆಯನ್ನು ಠಾಣೆಗೆ ಒಯ್ಯಬೇಕು. ಅವನಿಗಿದ್ದದ್ದು ಬೈಕು. ಧರ್ಮ, ಕಾನೂನು, ಬೈಕು ಮೂರನ್ನೂ ತೂಗಿ ನೋಡಿ, “ಉಂಗ ಪಂಚಾಯತ್ತುಲೇ ಪೇಸಿ ಮುಡಿಚ್ಚುಕ್ಕೋಂಗ,” ನಿಮ್ಮ ಪಂಚಾಯ್ತಿಯಲ್ಲೇ ಮಾತಾಡಿ ಮುಗಿಸಿಕೊಳ್ಳಿ, ಎಂದು ಹೇಳಿ ಹೊರಟುಹೋದ.

ಪಂಚಾಯ್ತಿ ಗುಡಿಯ ಅಂಗಳದಲ್ಲಿ ಸೇರಿತು. ನಾಲ್ಕು ಜನ ಹಂಡೆಯನ್ನು ಹೊತ್ತು ತಂದು ಅಮ್ಮನ ಎದುರಿಗೇ ಇಟ್ಟರು. ಬಾಗಿಲು ತೆರೆದಿತ್ತು, ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಶರವಣಕುಮಾರ್ ಬೆಳಗಿನ ಜಾವ ಬೈಪಾಸ್ ಕಡೆಯಿಂದ ಬೈಕಿನಲ್ಲಿ ಬಂದದ್ದನ್ನು ಅಂಗಳದಲ್ಲಿದ್ದ ಆರು ಜನವಾದರೂ ನೋಡಿದ್ದರು. ಬೈಪಾಸ್ ಕಡೆ ಏನು ಸಿಗುತ್ತದೆಂದೂ, ಅದು ಯಾವ ಹೊತ್ತಿನಲ್ಲಿ ಹಿಂಬಾಗಿಲಿನಿಂದ ಸಿಗುತ್ತದೆಂದೂ ಅವರಿಗೆ ತಿಳಿದಿತ್ತು. ಆ ಆರು ಜನರೂ ಹಂಡೆಯನ್ನೇ ನೋಡುತ್ತ ಕೂತಿದ್ದರು. ಏಳನೆಯವನು ನಾನು.

“ವ್ರತದಾಗಿರೋ ಉಡುಗ್ರಿಗೆ ಕೊಡೋ ಅಂತದ್ದಾ ಇದು?” ಎಂದು ರಾಜಗೋಪಾಲ್ ಶುರುಮಾಡಿದ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಮಗನ ಮಾನ ಉಳಿಸುವ ತಂದೆಗೆ ಅಳು ಬೇಗ ಬರುತ್ತದೆ. “ನನ್ ಮಗ ನೀರೂ ಮುಟ್ಟಿರ್ಲಿಲ್ಲ. ಆ ಕಾಲಿ ಒಟ್ಟೆಗೆ ಇದು ಬಿದ್ದೈತೆ.”

ಹೆಂಗಸರ ಸಾಲಿನಿಂದ ಚೆಲ್ಲಮ್ಮ ಎದ್ದು ಬಂದಳು. ನಮ್ಮ ಪಂಚಾಯ್ತಿಯಲ್ಲಿ ಹೆಂಗಸರು ಏಳುವುದು ಮನೆಗೆ ಹೋಗಲಿಕ್ಕೆ ಮಾತ್ರ. ಅವಳೂ ಹೋಗುತ್ತಿರಬೇಕೆಂದು ಯಾರೋ ದಾರಿ ಬಿಟ್ಟರು. ಅವಳು ಹಂಡೆಯ ಬಳಿ ನಿಂತು ಬಟ್ಟೆಯನ್ನು ಪೂರ್ತಿ ತೆಗೆದಳು.

“ಎಜಮಾನ್ರೇ, ಬಂದು ನೋಡಿ. ಬಾಯಿಮಟ್ಟ ತುಂಬೈತೆ. ಮೇಲ್ಗಡೆ ಕಟ್ಟಿರೋ ಕೆನೆನೂ ಒಡ್ದಿಲ್ಲ. ನೂರೈವತ್ ಜನ ಇದ್ರಾಗೆ ಕುಡ್ದಿದ್ರೆ ಇದು ಇಂಗಿರ್ತಿತ್ತಾ? ಕುಡ್ದಿದ್ದು ಪಾನ್ಕ. ಬೆಳಗ್ಗೆ ನಾನೇ ಮಾಡ್ದೆ. ಯಾವಾಗ್ಲೂ ಮಾಡೋ ಪಾನ್ಕ.”

ಎಲ್ಲರೂ ಬಗ್ಗಿ ನೋಡಿದರು. ಹಂಡೆ ತುಂಬಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ಕೋರ್ಟೂ ಕಂಡಿರಲಾರದು. ನಿಜ ಇಷ್ಟು ಹತ್ತಿರ ಬಂದು ನಿಂತದ್ದನ್ನು ನಾನು ನನ್ನ ಆಯುಷ್ಯದಲ್ಲಿ ಇನ್ನೊಮ್ಮೆ ನೋಡಿಲ್ಲ.

ಆಗ ಮುನುಸ್ವಾಮಿ ನಿಧಾನವಾಗಿ ಎದ್ದು, ಹಂಡೆಗೆ ಕೈ ಮುಗಿದ. “ಕುಡ್ದಷ್ಟೂ ತುಂಬೈತೆ,” ಎಂದ. “ಅಮ್ಮನ್ ಮಾಯೆ.”

ಇಬ್ಬರು ಮೂವರು ಕೆನ್ನೆ ತಟ್ಟಿಕೊಂಡರು. ಒಬ್ಬ ಹೆಂಗಸು ಹಂಡೆಗೆ ಅರಿಶಿನ ಹಚ್ಚಿದಳು. ಪವಾಡ ಒಪ್ಪಿಕೊಳ್ಳುವುದು ಸುಲಭ. ಅದರಲ್ಲಿ ಯಾರ ಮಗನ ಹೆಸರೂ ಬರುವುದಿಲ್ಲ.

ರಾಜಗೋಪಾಲ್ ಗಂಟಲು ಸರಿಮಾಡಿಕೊಂಡ. “ಎಂಗಸ್ರ ಮಾತು ಬುಡಿ. ಸೌಟು ಇಡ್ದವ್ನು ಸುಬ್ಬರಾಯ. ಅವ್ನೇ ಏಳ್ಲಿ. ಏನಪ್ಪಾ, ನೀನ್ ಕೊಟ್ಟಿದ್ದು ಮಾಕ್‌ಟೇಲಾ, ಇಲ್ಲಾ ನಿನ್ ಎಂಡ್ತಿ ಮಾಡಿದ್ ಪಾನ್ಕನಾ?”

ಸುಬ್ಬರಾಯನ್ ಹೆಂಡತಿಯ ಕಡೆ ತಿರುಗಿ, ಅವಳಿಗಷ್ಟೇ ಕೇಳುವಂತೆ, “ಪಾನ್ಕಾನಾ?” ಎಂದ.

“ಪಾನ್ಕಾನೇ.”

ಅವನ ಮುಖ ಬಾಡಿತು. ಪಾನಕವೆಂದರೆ ಸೌಟು ಉಳಿಯುತ್ತದೆ. ಆದರೆ ಫಾರಿನ್ ಸುಂಟಿ ಹೋಗುತ್ತದೆ, ಸಿಂಗಪುರ ಹೋಗುತ್ತದೆ, ರಾಜಗೋಪಾಲ್ ಲೋಟ ಚಾಚಿದ ಆ ಕ್ಷಣ ಹೋಗುತ್ತದೆ. ಹನ್ನೆರಡು ಸಲ ನೋಡಿದ ವಿಡಿಯೊ, ಎರಡು ಡಬ್ಬ ಮಾವು, ಎಲ್ಲ ಸೇರಿ ಒಂದು ಹಂಡೆ ಹುಳಿ ಗಂಜಿಯಾಗುತ್ತದೆ. ನಾಳೆಯಿಂದ ಅವನು ಮತ್ತೆ ಕೆಮ್ಮಿನ ಔಷಧಿ ಹಂಚುವವನು. ಅವನು ಅಮ್ಮನನ್ನು ನೋಡಿದ. ಹೇಳಿಕೊಡುವ ಅಭ್ಯಾಸ ಅವಳಿಗಿಲ್ಲ.

“ಮಾಕ್‌ಟೇಲೇ,” ಎಂದ ಸುಬ್ಬರಾಯನ್, ಎದೆ ಸ್ವಲ್ಪ ಮುಂದೆ ಮಾಡಿ. “ನಾನೇ ಮಾಡಿದ್ದು. ಸ್ಟ್ರಾಂಗಾಗ್ಬುಟ್ಟೈತೆ.”

ಚೆಲ್ಲಮ್ಮ ಬಟ್ಟೆಯನ್ನು ಮಡಚಿ ಹಂಡೆಯ ಮೇಲೆ ಇಟ್ಟು ಮನೆಗೆ ಹೋದಳು.

ತಪ್ಪೊಪ್ಪಿಕೊಂಡದ್ದಕ್ಕೆ ದಂಡವಿಲ್ಲವೆಂದು ತೀರ್ಪಾಯಿತು. ಕೊಪ್ಪರಿಗೆ ಇರಲಿ, ಸೌಟನ್ನು ಮಾತ್ರ ಗುಡಿಗೆ ಒಪ್ಪಿಸಬೇಕು. ಪಾನಕದ ಹಕ್ಕನ್ನು ಮುಂದೆ ಯೋಗ್ಯವಾದ ಮನೆಗೆ ಕೊಡಲಾಗುವುದು. ಗುಡಿಯ ಬೀಗದ ಕೈ ರಾಜಗೋಪಾಲನ ಮನೆಯಲ್ಲಿತ್ತಾದ್ದರಿಂದ ಸೌಟು ಅಲ್ಲಿಗೆ ಹೋಯಿತು. ಯೋಗ್ಯವಾದ ಮನೆಯೂ ಅದೇ ಎಂದು ಎರಡು ತಿಂಗಳಲ್ಲಿ ತೀರ್ಮಾನವಾಯಿತು. ಮಗ್ಗದ ಮೇಲೆ ಸೌಟು ತೂಗುತ್ತಿದ್ದ ಮೊಳೆಯನ್ನು ಚೆಲ್ಲಮ್ಮ ಕೀಳಲೂ ಇಲ್ಲ, ಅದಕ್ಕೆ ಬೇರೇನನ್ನೂ ತೂಗುಹಾಕಲೂ ಇಲ್ಲ. ಗಂಡನೊಡನೆ ಆ ಮಾತು ಎತ್ತಲಿಲ್ಲ. “ಪಾನ್ಕಾನೇ ಅಂದಿದ್ರೆ ಏನಾಗ್ತಿತ್ತಪ್ಪಾ?” ಎಂದು ಮೇನಕಾ ಒಮ್ಮೆ ಕೇಳಿದಾಗ, “ನಿಂಗ್ ಪುರಿಯಲ್ಲ, ಇದೆಲ್ಲಾ ತಿಳಿಯಲ್ಲ, ಸುಮ್ನಿರು” ಎಂದ ಸುಬ್ಬರಾಯನ್.

ಒಂದು ವರ್ಷವಾಯಿತು. ಈ ಸಂಕ್ರಾಂತಿಯ ಮಾರನೆಯ ದಿನವೂ ಮಂಜಿತ್ತು, ಹೋದ ವರ್ಷದಷ್ಟಿಲ್ಲ. ರಾಜಗೋಪಾಲನ ಮನೆಯವರು ಗುಡಿಯ ಬಾಗಿಲಿಗೆ ಕೇಟರಿಂಗ್‌ನವರನ್ನು ಕರೆಸಿದ್ದರು. ಸ್ಟೀಲಿನ ಡ್ರಮ್ಮು, ಅದಕ್ಕೆ ಬಣ್ಣಕ್ಕೊಂದರಂತೆ ಮೂರು ನಲ್ಲಿ, ಪ್ಲಾಸ್ಟಿಕ್ ಕಪ್ಪು. ಒಳಗೆ ಮೂರು ಬಣ್ಣದ ವೆಲ್ಕಮ್ ಡ್ರಿಂಕು. ಕಪ್ಪಿನಲ್ಲಿ ಬಣ್ಣಗಳು ಒಂದಕ್ಕೊಂದು ಬೆರೆಯದೆ ನೆಟ್ಟಗೆ ನಿಂತಿದ್ದವು. ಯಾರ ತಲೆಯೂ ಗಿರ್ರ್ ಅನ್ನಲಿಲ್ಲ. ಮುನುಸ್ವಾಮಿ ಕುಡಿದು, “ಸುಬ್ಬರಾಯಂದಷ್ಟು ಕಿಕ್ಕಿಲ್ಲ” ಎಂದ.

ಸುಬ್ಬರಾಯನ್ ಗುಡಿಗೆ ಹೋಗಿರಲಿಲ್ಲ. ಮುಂದಿನ ಜಗಲಿಯಲ್ಲಿ ಕೂತು, ಹಬ್ಬಕ್ಕೆ ಬಂದ ನೆಂಟರಿಬ್ಬರಿಗೆ ತನ್ನ ಕತೆ ಹೇಳುತ್ತಿದ್ದ. ಆ ಒಂದು ವರ್ಷದಲ್ಲಿ ಕತೆ ಚೆನ್ನಾಗಿ ಹುಳಿಯೇರಿತ್ತು.

“ಮೂವತ್ತೊಂದ್ ಜನ ಮಲ್ಗಿದ್ರು. ಪೊಲೀಸ್‌ನೋರೇ ಟೋಪಿ ತೆಗುದ್ರು,” ಎನ್ನುತ್ತಿದ್ದ.

ಹಿತ್ತಲಿನಲ್ಲಿ ಚೆಲ್ಲಮ್ಮ ಒಂದು ಚೊಂಬು ಪಾನಕ ಕಲೆಸುತ್ತಿದ್ದಳು. ಯಾರಿಗೂ ಅಲ್ಲ; ಆ ಬೆಳಿಗ್ಗೆ ಅವಳ ಕೈಗೆ ಬೇರೆ ಕೆಲಸ ತಿಳಿಯದು. ಹಿತ್ತಲ ಓಣಿಯ ಬಾಗಿಲು ಸದ್ದಿಲ್ಲದೆ ತೆರೆಯಿತು. ರಾಜಗೋಪಾಲನ ಹೆಂಡತಿ ಸಿದ್ದಲಕ್ಷ್ಮಮ್ಮ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಒಳಗೆ ಬಂದಳು. ವಯಸ್ಸಿನಲ್ಲಿ ದೊಡ್ಡವಳು, ಆ ಮನೆಯ ಹಿತ್ತಲಿಗೆ ಅವಳು ಎಂದೂ ಕಾಲಿಟ್ಟಿರಲಿಲ್ಲ.

“ಬಾಕ್ಕಾ,” ಎಂದು ಚೆಲ್ಲಮ್ಮ ಎದ್ದಳು. “ಕೂತ್ಕೋ.”

“ಕೂರಾಕೆ ಬರ್ಲಿಲ್ಲ.” ಸಿದ್ದಲಕ್ಷ್ಮಮ್ಮ ಓಣಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. “ಓದ್ ವರ್ಷ ಆ ದಿನ, ನಾಕ್ ಗಂಟೆಗೇ ಕುಡ್ಕಂಡ್ ಬಂದಿದ್ದ ಶರವಣ. ಬಾಗ್ಲು ತೆಗ್ದೋಳು ನಾನೇ. ತಣ್ಣೀರ್ ಉಯ್ದು, ಅರಿಶ್ನ ಅಚ್ಚಿ, ಕತ್ತಿ ಕೈಗ್ ಕೊಟ್ಟೋಳೂ ನಾನೇ. ಪಂಚಾಯ್ತಿಲಿ ನಿನ್ ಪಕ್ಕದಾಗೇ ಕೂತಿದ್ದೆ.”

“ಗೊತ್ತಕ್ಕಾ.”

“ಗೊತ್ತಿತ್ತಾ?”

“ನಿನ್ ಕೈಯಾಗೆ ಅರಿಶ್ನದ ಜೊತೆ ಆ ವಾಸ್ನೆನೂ ಇತ್ತು.”

ಹಕ್ಕು ತಿರುಗಿ ಬರುವ ಮಾತು ಸಿದ್ದಲಕ್ಷ್ಮಮ್ಮನ ಕೈಯಲ್ಲಿರಲಿಲ್ಲ, ಚೆಲ್ಲಮ್ಮ ಅದನ್ನು ಕೇಳಲೂ ಇಲ್ಲ. ಜಗಲಿಯಿಂದ ನೆಂಟರು ಜೋರಾಗಿ ನಗುವುದು ಕೇಳಿಸಿತು. “ಒಂದೇ ಅಂಡೆ,” ಎನ್ನುತ್ತಿದ್ದ ಸುಬ್ಬರಾಯನ್, “ಕುಡ್ದಷ್ಟೂ ತುಂಬ್ತಾನೇ ಇತ್ತು.”

ಸಿದ್ದಲಕ್ಷ್ಮಮ್ಮ ಸೆರಗು ಸರಿಸಿದಳು. ಸೌಟು ಹಸಿರು ಕಿಲುಬು ಹಿಡಿದಿತ್ತು. ನಲ್ಲಿ ಇರುವ ಡ್ರಮ್ಮಿಗೆ ಅದು ಬೇಕಾಗಿರಲಿಲ್ಲ, ವರ್ಷವಿಡೀ ಯಾರೂ ಅದಕ್ಕೆ ಹುಣಸೆಹುಳಿ ಮುಟ್ಟಿಸಿರಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ, ಚೆಲ್ಲಮ್ಮನ ಒದ್ದೆ ಕೈಗೆ ಕೊಟ್ಟು, “ಇದು ನಿಂದು” ಎಂದಳು.